ಕೆಮಿಸ್ಟ್ರಿ ಮೇಷ್ಟ್ರನ್ನು ಕೇಳಿ: ಪರಮಾಣು, ಅಯಾನು, ಬೋರ್ ನೀರು

ಪ್ರಥಮ ಪಿಯು, ವಿದ್ಯಾನಗರ: ನಮಸ್ತೆ ಸರ್. ಸೋಡಿಯಂ ಪರಮಾಣುಗಿಂತ ಅದರ ಅಯಾನು ಯಾಕೆ ಚಿಕ್ಕದು? ಪ್ಲಸ್ ಅಂದ್ರೆ ಜಾಸ್ತಿ ಅಲ್ವಾ?

ಮೇಷ್ಟ್ರು: ನಮಸ್ತೆ. ಎಲೆಕ್ಟ್ರಾನ್ ಕಳೆದುಕೊಂಡ ಇಲ್ಲವೇ ಪಡೆದ ಪರಮಾಣುವೇ ಅಯಾನು. ಪ್ಲಸ್ ಅಂದರೆ ಎಲೆಕ್ಟ್ರಾನ್ ಹೋಗಿದೆ ಅಂತ. 11ರಲ್ಲಿ ಒಂದು ಹೋದರೆ ಮೂರನೇ ಕವಚವೇ ಖಾಲಿ. ಉಳಿದ 10ನ್ನು ಅದೇ 11 ಪ್ರೋಟಾನ್‌ಗಳು ಎಳೆಯುತ್ತವೆ. 186 ಪಿಕೋಮೀಟರ್ ಇದ್ದ ತ್ರಿಜ್ಯ 102ಕ್ಕೆ ಇಳಿಯುತ್ತದೆ.

ಹೊಳಲ್ಕೆರೆ: ಫ್ಲೋರಿನ್ ಮೈನಸ್ ಆದ್ರೆ?

ಮೇಷ್ಟ್ರು: ಉಲ್ಟಾ. ಪ್ರೋಟಾನ್ 9, ಎಲೆಕ್ಟ್ರಾನ್ 10. ಎಳೆತ ಸಾಲದೆ ಹಿಗ್ಗುತ್ತದೆ. 64 ಇದ್ದದ್ದು 133.

ಪಿ.ಜೆ. ಬಡಾವಣೆ: ಸರ್, ಆವರ್ತ ಕೋಷ್ಟಕದ ಗುಂಪಿನಲ್ಲಿ ಕೆಳಗೆ ಹೋದಂತೆ ಸೈಜ್ ಜಾಸ್ತಿ ಅಂತೀರಿ. ಗ್ಯಾಲಿಯಂ ಮಾತ್ರ ಅಲ್ಯೂಮಿನಿಯಂಗಿಂತ ಚಿಕ್ಕದು, ಯಾಕೆ?

ಜಗಳೂರು ಕಡೆ ರೈತ: ಸರ್, ನಾನು ಓದಿದ್ದು ಕಮ್ಮಿ. ನಮ್ಮ ಬೋರ್ ನೀರು ಟೆಸ್ಟ್ ಮಾಡಿಸಿದ್ವಿ, ಫ್ಲೋರೈಡ್ 2.8 ಬಂದಿದೆ. ಮಗನ ಮುಂದಿನ ಹಲ್ಲಲ್ಲಿ ಅಡ್ಡಡ್ಡ ಕಂದು ಗೆರೆ. ಪಿಯು ಓದ್ತಾನೆ, ‘ಅಪ್ಪಾ, ಇದೆಲ್ಲಾ ಅಯಾನು ಸೈಜಿನ ಆಟ’ ಅಂತಾನೆ. ನಿಜವಾ? ಮೂರು ವರ್ಷದ ಮಗಳೂ ಇದ್ದಾಳೆ.

ಮೇಷ್ಟ್ರು: ಮೊದಲು ಮಗಳ ವಿಷಯ. ಅವಳ ಕುಡಿಯುವ ನೀರು, ಅಡುಗೆ ನೀರು ಎರಡನ್ನೂ ಇವತ್ತೇ ಬದಲಾಯಿಸಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲ ಅಂದರೂ 1.5 ದಾಟಬಾರದು. ನಿಮ್ಮದು 2.8. ಅವಳ ಕಾಯಂ ಹಲ್ಲು ಒಸಡಿನೊಳಗೆ ಈಗ ತಯಾರಾಗುತ್ತಿದೆ. ಕೆಡುವುದಾದರೆ ಈ ವಯಸ್ಸಿನಲ್ಲೇ.

ಮಗ ಹೇಳಿದ್ದು ಅರ್ಧ ಸರಿ. ಹಲ್ಲು, ಮೂಳೆಯ ಖನಿಜದಲ್ಲಿ ಹೈಡ್ರಾಕ್ಸೈಡ್ ಅಯಾನು ಕೂರುವ ಜಾಗ ಇದೆ. ಅದರ ತ್ರಿಜ್ಯ ಸುಮಾರು 137. ಫ್ಲೋರೈಡ್ 133. ಎರಡರ ಮೇಲೂ ಒಂದೇ ಮೈನಸ್. ಹಾಗಾಗಿ ಫ್ಲೋರೈಡ್ ಸಲೀಸಾಗಿ ಒಳಗೆ ಸೇರಿಕೊಳ್ಳುತ್ತದೆ. ಕ್ಲೋರೈಡ್ 181, ಅದಕ್ಕೆ ಅಷ್ಟು ಸುಲಭವಲ್ಲ. ಆದರೆ ಕಂದು ಗೆರೆಗೆ ಸೈಜ್ ಒಂದೇ ಕಾರಣವಲ್ಲ. ಎನಾಮಲ್ (ಹಲ್ಲಿನ ಹೊರಪದರ) ಕಟ್ಟುವ ಕಾಲದಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಆ ಕೆಲಸವೇ ಹದಗೆಡುತ್ತದೆ.

ಮಗನಿಗೆ ಇನ್ನೊಂದು ಹೇಳಿ, ಖುಷಿಪಡುತ್ತಾನೆ. ಬಂಡೆಯೊಳಗಿನ ಕರಿ ಕಾಗೆಬಂಗಾರದಲ್ಲೂ ಹೈಡ್ರಾಕ್ಸೈಡ್ ಜಾಗದಲ್ಲಿ ಫ್ಲೋರೈಡ್ ಕೂತಿರುತ್ತದೆ. ಕ್ಷಾರದ ನೀರು ತಾಗಿದರೆ ಹೈಡ್ರಾಕ್ಸೈಡ್ ಒಳಗೆ, ಫ್ಲೋರೈಡ್ ಹೊರಗೆ. ಬಂಡೆಯಿಂದ ಬೋರಿಗೆ ಬರಲೂ ಅದೇ ಅದಲುಬದಲು.

ನೀರಿಗೆ ಆರ್‌ಒ, ಇಲ್ಲವೇ ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್. ಕ್ಯಾಂಡಲ್ ಫಿಲ್ಟರ್, ಯುವಿ ಇದಕ್ಕೆ ಆಗಲ್ಲ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಅದನ್ನೂ ಒಮ್ಮೆ ಟೆಸ್ಟ್ ಮಾಡಿಸಿಯೇ ಕುಡಿಯಿರಿ. ಮನೆಯಲ್ಲಿ ಯಾರಿಗಾದರೂ ಬೆನ್ನು, ಕೀಲು ಬಿಗಿತ ಇದ್ದರೆ ಡಾಕ್ಟರಿಗೆ ತೋರಿಸಿ.

ಹರಿಹರ: ಫಾರ್ವರ್ಡ್ ಬಂದಿದೆ ನೋಡಿ 🙏 ನೀರಿಗೆ ತುಳಸಿ ಹಾಕಿ ಅರ್ಧಕ್ಕೆ ಇಳಿಯೋವರೆಗೆ ಕುದಿಸಿ, ತಾಮ್ರದ ಬಿಂದಿಗೆಯಲ್ಲಿಟ್ಟರೆ ಫ್ಲೋರೈಡ್ ಮಾಯ!

ಮೇಷ್ಟ್ರು: ಮಾಯ ಆಗೋದು ನೀರು. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅರ್ಧಕ್ಕೆ ಇಳಿಸಿದರೆ 2.8 ಇದ್ದದ್ದು 5.6. ದಯವಿಟ್ಟು ಅಳಿಸಿ.

ಹರಿಹರ: ಹಿರಿಯರು ಹೇಳಿದ್ದು ಸುಳ್ಳಾ ಸರ್?

ಮೇಷ್ಟ್ರು: ಹಿರಿಯರು ಸಾವಿರ ಅಡಿ ಬೋರ್ ಕೊರೆಸಿರಲಿಲ್ಲ.

ಚಳ್ಳಕೆರೆ: ಅಲ್ಕಲೈನ್ ನೀರಿನ ಮೆಷಿನ್ ತಗೊಂಡ್ರೆ?

ಮೇಷ್ಟ್ರು: ಬಂಡೆಯಿಂದ ಫ್ಲೋರೈಡ್ ಬಿಡಿಸಿದ್ದೇ ಕ್ಷಾರದ ನೀರು ಅಂತ ಈಗಷ್ಟೇ ಬರೆದೆ. ಓದಿ ಕೇಳಿ.

ಚಳ್ಳಕೆರೆ: ಪಟಿಕ?

ಮೇಷ್ಟ್ರು: ಅಂದಾಜಿನಲ್ಲಿ ಬೇಡ. ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಎರಡನ್ನೂ ನೀರಿನ ರಿಪೋರ್ಟ್ ನೋಡಿ ಅಳೆದು ಹಾಕುತ್ತಾರೆ.

ಚಿತ್ರದುರ್ಗ ಕೋಟೆ ರಸ್ತೆ: ದಾವಣಗೆರೆ ಜಿಲ್ಲೆ ನೀರೇ ಹೀಗೆ ಬಿಡಿ 😀

ದಾವಣಗೆರೆ: ನಿಮ್ಮೂರಿಗೆ ನೀರು ಕೊಡೋ ಸೂಳೆಕೆರೆ ಇರೋದು ನಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಲ್ಲಿ. ಆ ನೀರು ಕುಡಿದು ನಮಗೇ ಹೇಳ್ತೀರಾ?

ಚಿತ್ರದುರ್ಗ ಕೋಟೆ ರಸ್ತೆ: 1997ರವರೆಗೆ ಜಗಳೂರೂ ನಮ್ಮದೇ, ದಾವಣಗೆರೆಯೂ ನಮ್ಮದೇ ರೀ.

ದಾವಣಗೆರೆ: ಹಾಗಾದ್ರೆ ಬೋರೂ ನಿಮ್ಮದೇ. ಹಲ್ಲಿಗೆ ನೀವೇ ಜವಾಬ್ದಾರಿ.

ಮೇಷ್ಟ್ರು: ಇಬ್ಬರೂ ಹೊರಗೆ ಹೋಗಿ ಜಗಳ ಆಡಿ.

ಹಿರಿಯೂರು: ಸರ್ ಸೋಡಿಯಂ ಅಯಾನು ಚಿಕ್ಕದು ಯಾಕೆ?

ಮೇಷ್ಟ್ರು: ಮೇಲಿದೆ.

ಹರಪನಹಳ್ಳಿ: ಸರ್, ಆಕ್ಸೈಡ್, ಫ್ಲೋರೈಡ್, ಸೋಡಿಯಂ, ಮೆಗ್ನೀಸಿಯಂ ಅಯಾನುಗಳಲ್ಲಿ ದೊಡ್ಡದು?

ಮೇಷ್ಟ್ರು: ನಾಲ್ಕರಲ್ಲೂ 10 ಎಲೆಕ್ಟ್ರಾನ್. ಪ್ರೋಟಾನ್ ಕಮ್ಮಿ ಇದ್ದದ್ದೇ ದೊಡ್ಡದು. ಆಕ್ಸೈಡ್.

ಹಿರಿಯೂರು: ಮೇಲೆ ಎಲ್ಲಿ ಸರ್?

ಪಿ.ಜೆ. ಬಡಾವಣೆ: ಗ್ಯಾಲಿಯಂ ಸರ್... ನಾಳೆ ಟೆಸ್ಟ್ ಇದೆ.

ಹರಿಹರ: ತಾಮ್ರದ ಬಗ್ಗೆ ಮಾತ್ರ ಉತ್ತರ ಕೊಡಲಿಲ್ಲ ನೀವು. ಓದಿದವರಿಗೆ ಅಹಂಕಾರ ಜಾಸ್ತಿ.

ಜಗಳೂರು ಕಡೆ ರೈತ: ಸರ್, ಆರ್‌ಒ ಹೊರಗೆ ಬಿಡೋ ನೀರು ಎಮ್ಮೆಗೆ ಕುಡಿಸಬಹುದಾ?

ಮೇಷ್ಟ್ರು: ಬೇಡಣ್ಣ. ಅದರಲ್ಲಿ ಫ್ಲೋರೈಡ್ 2.8ಕ್ಕಿಂತ ಜಾಸ್ತಿ ಇರುತ್ತದೆ, ದನಗಳ ಹಲ್ಲು, ಮೂಳೆಯೂ ಕೆಡುತ್ತವೆ. ಅಂಗಳ ತೊಳೆಯಲು, ಕಕ್ಕಸಿಗೆ ಬಳಸಿ. ಫಿಲ್ಟರ್ ಹಾಕಿಸಿದ ಮೇಲೆ ನೀರು ಮತ್ತೆ ಟೆಸ್ಟ್ ಮಾಡಿಸಿ, ರಿಪೋರ್ಟ್ ಫೋಟೋ ನನಗೇ ಕಳಿಸಿ. ಗುಂಪಿಗೆ ಹಾಕಬೇಡಿ.