ಮೇಸ್ತ್ರಿಗೆ ಕೇಳಿ: ಬಿಎಸ್ 6 ಪಿಕಪ್, ಡಿಪಿಎಫ್ ಲೈಟು, ಆಯಿಲು, ಲೋಡು

ಅಡ್ಮಿನ್: ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪಿಕಪ್ ಮಾಲೀಕರಿಗೆ ಈ ಪೋಸ್ಟು. 2020ರ ಏಪ್ರಿಲ್ ಆದಮೇಲೆ ಬಂದ ಬಿಎಸ್ 6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳ ಬಗ್ಗೆ ಮಾತ್ರ ಕೇಳಿ. ಉತ್ತರ ಕೊಡೋರು ನಮ್ಮ ಮೇಸ್ತ್ರಿ. ಪ್ರಶ್ನೆ ಜೊತೆ ಓಡಿರೋ ಕಿಲೋಮೀಟರು, ದಿನದ ರೂಟು, ಏನು ಲೋಡು ಅಂತ ಬರೀರಿ. ಫಾರ್ವರ್ಡ್ ಹಾಕಬೇಡಿ.

ಬಂಗಾರಪೇಟೆ ತರಕಾರಿ: ನಮಸ್ಕಾರ ಮೇಸ್ತ್ರಿ. ಡಿಪಿಎಫ್ ಲೈಟು ಹಳದಿ ಬಂದು ಹತ್ಕೊಂಡೇ ಇರುತ್ತೆ. ಗಾಡಿ ಎಳೆಯೋದರಲ್ಲಿ ಏನೂ ಕಮ್ಮಿ ಇಲ್ಲ. ಷೋರೂಮಿಗೆ ಹೋಗ್ಬೇಕಾ?

ಮೇಸ್ತ್ರಿ: ನಮಸ್ಕಾರ ಅಣ್ಣ. ಈಗಲೇ ಬೇಡ. ಡಿಪಿಎಫ್ ಅಂದ್ರೆ ಹೊಗೆಯ ಮಸಿ ಹಿಡಿಯೋ ಜಾಲರಿ. ಬರೀ ಹಳದಿ ಅಂದ್ರೆ ಆ ಜಾಲರಿಯಲ್ಲಿ ಮಸಿ ತುಂಬಿದೆ, ಸುಟ್ಟುಕೊಳ್ಳೋಕೆ ಅವಕಾಶ ಕೊಡಿ ಅಂತ ಗಾಡಿ ಕೇಳ್ತಿದೆ. ಡೀಸೆಲು ಕಾಲು ಟ್ಯಾಂಕಿಗಿಂತ ಮೇಲಿರಲಿ, ಇಲ್ಲದಿದ್ರೆ ಎಷ್ಟೋ ಗಾಡಿಗಳು ರೀಜನ್, ಅಂದ್ರೆ ಈ ಮಸಿ ಸುಡೋ ಕೆಲಸ, ಶುರುನೇ ಮಾಡಲ್ಲ. ಎಂಜಿನ್ ಪೂರ್ತಿ ಬಿಸಿಯಾದಮೇಲೆ ಹೈವೇಗೆ ಹತ್ತಿಸಿ. ಒಂದು ಗೇರು ಕಮ್ಮಿಯಲ್ಲಿಟ್ಟು ಎರಡು ಸಾವಿರ ಆರ್‌ಪಿಎಂ ಮೇಲೆ 20 ನಿಮಿಷ ನಿಲ್ಲಿಸದೆ ಓಡಿಸಿ. ಕೋಲಾರದಿಂದ ಮುಳಬಾಗಿಲು 30 ಕಿಲೋಮೀಟರು, ಸಾಕು. ಲೈಟು ಆರುತ್ತೆ. ಮಧ್ಯದಲ್ಲಿ ಟೀಗೆ ಅಂತ ಆಫ್ ಮಾಡಬೇಡಿ. ಚೆಕ್ ಎಂಜಿನ್ ಲೈಟೂ ಜೊತೆಗೆ ಬಂದು ಎಳೆತ ಬಿದ್ದುಹೋದ್ರೆ ಆಗ ಸ್ಕ್ಯಾನರ್ ಬೇಕು.

ಶಿಡ್ಲಘಟ್ಟ ಗೂಡು: ಡಿಇಎಫ್ ಲೈಟು ಬಂತು, 2 ಲೀಟರ್ ಹಾಕಿದೆ, ಹೋಗ್ಲಿಲ್ಲ.

ಮೇಸ್ತ್ರಿ: ಡಿಇಎಫ್, ಅಂದ್ರೆ ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕೋ ಯೂರಿಯಾ ದ್ರಾವಣ, 2 ಲೀಟರು ಸಾಲಲ್ಲ. ಇನ್ನೂ 3-4 ಲೀಟರ್ ಹಾಕಿ, ಸ್ಟಾರ್ಟ್ ಮಾಡದೆ ಕೀ ಆನ್ ಇಟ್ಟು ಸ್ವಲ್ಪ ಕಾಯಿರಿ, ಆಮೇಲೆ ಒಂದು ರೌಂಡು ಓಡಿಸಿ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದ್ರೆ ಬೆಚ್ಚನೆ ನೀರಲ್ಲಿ ಒರೆಸಿ, ಸ್ಕ್ರೂಡ್ರೈವರಲ್ಲಿ ಕೆರೀಬೇಡಿ.

ಗೌರಿಬಿದನೂರು ಮೆಕ್ಕೆಜೋಳ: ಅಣ್ಣ, ಒಂದು ವಿಡಿಯೋ ಬಂದಿದೆ. 45 ಕಿಲೋ ಗೊಬ್ಬರದ ಯೂರಿಯಾ ಮೂಟೆ, ನೀರಲ್ಲಿ ಕರಗಿಸಿ ಬಟ್ಟೇಲಿ ಸೋಸಿದ್ರೆ ಡಿಇಎಫ್ ರೆಡಿ ಅಂತೆ. ವರ್ಷಕ್ಕೆ ಸಾವಿರಾರು ರೂಪಾಯಿ ಉಳಿಯುತ್ತಂತೆ.

ಮೇಸ್ತ್ರಿ: ಹಾಕಬೇಡಿ. ಹೊಲದ ಯೂರಿಯಾಗೆ ಬೇವಿನೆಣ್ಣೆ ಲೇಪ ಇರುತ್ತೆ, ನಮ್ಮ ಕಡೆ ಬೋರ್ ನೀರಲ್ಲಿ ಸುಣ್ಣ ಇರುತ್ತೆ. ಎರಡೂ ಬಟ್ಟೇಲಿ ಸೋಸಿದ್ರೆ ಹೋಗಲ್ಲ. ಮೊದಲು ಡಿಇಎಫ್ ಚಿಮ್ಮಿಸೋ ಇಂಜೆಕ್ಟರ್ ತುದಿ ಕಟ್ಟಿಕೊಳ್ಳುತ್ತೆ, ಆಮೇಲೆ ಸೈಲೆನ್ಸರ್ ಒಳಗಿನ ಕ್ಯಾಟಲಿಸ್ಟ್ ಹೋಗುತ್ತೆ. ಸರಿಯಾದ ಡಿಇಎಫ್ ಅಂದ್ರೆ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಡಬ್ಬದ ಮೇಲೆ ಐಎಸ್‌ಒ 22241 ಅಂತ ಇರಬೇಕು. ಸಬ್ಸಿಡಿ ಗೊಬ್ಬರ ಗಾಡಿಗೆ ಬಳಸೋದು ಕಾನೂನು ಪ್ರಕಾರವೂ ತಪ್ಪು.

ಶ್ರೀನಿವಾಸಪುರ ಹಾಲಿನ ಗಾಡಿ: ಮೇಸ್ತ್ರಿ, ನಂದು ಕಂಪ್ಲೇಂಟು ಅಲ್ಲ, ಸುಮ್ನೆ ಹೇಳ್ತಾ ಇದೀನಿ. 41 ಸಾವಿರ ಓಡಿದೆ. ದಿನಕ್ಕೆ ಎರಡು ಸಲ ಹಳ್ಳಿ ಹಳ್ಳಿ ಹಾಲಿನ ಕ್ಯಾನು ಎತ್ತಿ ಶೀತಲ ಕೇಂದ್ರಕ್ಕೆ ಹಾಕೋದು, ಎರಡು-ಮೂರು ಕಿಲೋಮೀಟರಿಗೆ ಒಂದು ಸ್ಟಾಪು. ಹಳೇ ಗಾಡಿ ಆಯಿಲ್ ಕುಡೀತಿತ್ತು. ಇದು ಒಂದು ತೊಟ್ಟೂ ಕುಡಿಯಲ್ಲ, ಬದಲಿಸಿ 5 ಸಾವಿರ ಕಿಲೋಮೀಟರ್ ಆದ್ರೂ ಆಯಿಲ್ ಮಟ್ಟ ನೋಡೋ ಕಡ್ಡೀಲಿ ಮೇಲಿನ ಗೆರೆಗಿಂತ ಮೇಲೇ ಇದೆ. ಡಿಪಿಎಫ್ ಲೈಟು ಮಾತ್ರ ವಾರಕ್ಕೆರಡು ಸಲ ಬಂದು ಹೋಗುತ್ತೆ.

ಮೇಸ್ತ್ರಿ: ಶ್ರೀನಿವಾಸಪುರದವರೇ, ಇದು ಓದಿದ ತಕ್ಷಣ ಗಾಡಿ ನಿಲ್ಲಿಸಿ. ಇವತ್ತು ಇಲ್ಲಿ ಬಂದ ಪ್ರಶ್ನೆಗಳಲ್ಲಿ ನನಗೆ ಭಯ ಇರೋದು ಇದೊಂದೇ.

ಆಯಿಲು ತಾನಾಗಿ ಹೆಚ್ಚಲ್ಲ. ಹೆಚ್ಚಿದೆ ಅಂದ್ರೆ ಅದರೊಳಗೆ ಬೇರೆ ಏನೋ ಸೇರಿದೆ. ನಿಮ್ಮ ರೂಟು ನೋಡಿದ್ರೆ ಡೀಸೆಲು. ಅದು ಹೇಗೆ ಅಂತ ಹೇಳ್ತೀನಿ. ಮಸಿ ಸುಡೋಕೆ ಡಿಪಿಎಫ್ ಒಳಗೆ 600 ಡಿಗ್ರಿ ಹತ್ತಿರ ಬಿಸಿ ಬೇಕು. ಅದಕ್ಕೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ ಕೆಳಗೆ ಹೋಗ್ತಿರುವಾಗ ತಡವಾಗಿ ಇನ್ನೊಂದು ಸಲ ಡೀಸೆಲ್ ಚಿಮ್ಮಿಸ್ತಾರೆ. ಅದು ಸಿಲಿಂಡರಲ್ಲಿ ಉರಿಯಲ್ಲ, ಹೊಗೆ ಜೊತೆ ಹೋಗಿ ಸೈಲೆನ್ಸರಲ್ಲಿ ಉರೀಬೇಕು. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಬಡಿದು ಪಿಸ್ಟನ್ ರಿಂಗು ದಾಟಿ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತೆ. ರೀಜನ್ ಒಂದೇ ಸಲಕ್ಕೆ ಮುಗಿದ್ರೆ ಇಳಿಯೋದು ಲೆಕ್ಕಕ್ಕಿಲ್ಲ. ನೀವು ಶುರುವಾಗಿ ಐದು ನಿಮಿಷಕ್ಕೆ ಮುಂದಿನ ಹಳ್ಳೀಲಿ ಆಫ್ ಮಾಡ್ತೀರ. ಮತ್ತೆ ಸ್ಟಾರ್ಟ್, ಮತ್ತೆ ಮೊದಲಿಂದ ಡೀಸೆಲು. ಮಸಿ ಹೋಗಲ್ಲ, ಡೀಸೆಲು ಮಾತ್ರ ಕೆಳಗೆ ಸೇರ್ತಾ ಇರುತ್ತೆ.

ಆಯಿಲು ತೆಳ್ಳಗಾದ್ರೆ ಮೊದಲು ಟರ್ಬೊ ಬೇರಿಂಗು, ಆಮೇಲೆ ಕ್ರ್ಯಾಂಕಿನ ಬೇರಿಂಗು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮಟ್ಟ ತುಂಬಾ ಏರಿದ್ರೆ ಬ್ರೀದರ್ ಪೈಪಲ್ಲಿ ಆಯಿಲು ಗಾಳಿ ದಾರಿಗೆ ಹೋಗಿ, ಎಂಜಿನ್ನು ತನ್ನ ಆಯಿಲನ್ನೇ ಉರಿಸ್ಕೊಂಡು ರೇಸ್ ಆಗುತ್ತೆ. ಆಗ ಕೀ ತೆಗೆದ್ರೂ ನಿಲ್ಲದೇ ಇರಬಹುದು. ಹಾಗೇನಾದ್ರೂ ಆದ್ರೆ ಬ್ರೇಕು ಪೂರ್ತಿ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಥಟ್ಟಂತ ಬಿಟ್ಟು ಎಂಜಿನ್ ನಿಲ್ಲಿಸಬೇಕು. ಗಾಳಿ ಪೈಪಿನ ಬಾಯಿಗೆ ಕೈ ಅಡ್ಡ ಇಡಬೇಡಿ.

ಈಗ ಇದು ಮಾಡಿ. ಸಮ ಜಾಗ, ಎಂಜಿನ್ ಆಫ್ ಮಾಡಿ 10 ನಿಮಿಷ. ಕಡ್ಡಿ ಒರೆಸಿ ಮತ್ತೆ ಅದ್ದಿ, ಮೇಲಿನ ಗೆರೆಗಿಂತ ಎಷ್ಟು ಮೇಲಿದೆ ಅಳೀರಿ. ವಾಸನೆ ನೋಡಿ. ಒಂದು ಹನಿ ನ್ಯೂಸ್‌ಪೇಪರ್ ಮೇಲೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಕಪ್ಪು ಮಚ್ಚೆ ಸುತ್ತ ತೆಳ್ಳಗೆ ಎಣ್ಣೆ ಬಳೆ ಅಗಲವಾಗಿ ಹರಡಿದ್ರೆ ಡೀಸೆಲ್ ಇದೆ. ಫೋಟೋ ಹಾಕಿ.

ಮುಳಬಾಗಿಲು ಟೊಮೆಟೊ: 1.7 ಟನ್ ಪಿಕಪ್ಪಿನ ಹಿಂದಿನ ಸ್ಪ್ರಿಂಗಿಗೆ ಒಂದು ಎಕ್ಸ್‌ಟ್ರಾ ಪ್ಲೇಟು ಹಾಕಿಸಿದೀನಿ. 150 ಬಾಕ್ಸು ಆರಾಮಾಗಿ ಕೂರುತ್ತೆ. ಆದ್ರೆ ನಂಗಲಿ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಮೂತಿ ಮುಗ್ಗರಿಸ್ತದೆ. ಬ್ರೇಕ್ ಶೂ ಬದಲಿಸ್ಬೇಕಾ?

ಮಾಲೂರು ಇಟ್ಟಿಗೆ: 150 ಬಾಕ್ಸಾ? ಬಾಕ್ಸಿಗೆ 15 ಕಿಲೋ ಹಣ್ಣು, ಖಾಲಿ ಕ್ರೇಟು ಹತ್ತಿರ ಹತ್ತಿರ 2 ಕಿಲೋ. 150 ಅಂದ್ರೆ 2,550 ಕಿಲೋ. ನಿಮ್ಮ ಗಾಡಿಗೆ 100 ಬಾಕ್ಸೇ ಲೆಕ್ಕ.

ಮುಳಬಾಗಿಲು ಟೊಮೆಟೊ: ಮಂಡಿಗೆ ಬಂದು ನೋಡಿ, ಎಲ್ಲರೂ ಅಷ್ಟೇ ಹಾಕೋದು. 100 ಹಾಕಿದ್ರೆ ಬಾಡಿಗೆ ಡೀಸೆಲಿಗೇ ಸರಿಹೋಗುತ್ತೆ.

ಮಾಲೂರು ಇಟ್ಟಿಗೆ: ಓವರ್‌ಲೋಡ್ ಕೇಸಿಗೆ 20 ಸಾವಿರ, ಮೇಲೆ ಟನ್ನಿಗೆ 2 ಸಾವಿರ. ಹೆಚ್ಚಿನದ್ದು ಅಲ್ಲೇ ಇಳಿಸ್ಬೇಕು. ಬಿಸಿಲಲ್ಲಿ ಹಣ್ಣು ರಸ್ತೆ ಪಕ್ಕ ಇಟ್ಕೊಂಡು ಬಾಡಿಗೆ ಲೆಕ್ಕ ಹಾಕಿ.

ಮುಳಬಾಗಿಲು ಟೊಮೆಟೊ: ಇಟ್ಟಿಗೆಯೋರು ಲೋಡಿನ ಬಗ್ಗೆ ಬುದ್ಧಿ ಹೇಳೋ ಕಾಲ ಬಂತು.

ಮೇಸ್ತ್ರಿ: ಜಗಳ ಆಮೇಲೆ. ಶೂ ಅಲ್ಲ ಅಣ್ಣ, ಪ್ಲೇಟೇ ಕಾರಣ. ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ ಜೋಡಿಸಿದ ವಾಲ್ವು ಇರುತ್ತೆ, ಎಲ್‌ಎಸ್‌ಪಿವಿ ಅಂತ. ಬಾಡಿ ಎಷ್ಟು ಕೆಳಗೆ ಕೂತಿದೆ ನೋಡ್ಕೊಂಡು ಹಿಂದಿನ ಚಕ್ರಕ್ಕೆ ಅಷ್ಟು ಬ್ರೇಕು ಬಿಡುತ್ತೆ. ಪ್ಲೇಟು ಸೇರಿಸಿದ ಮೇಲೆ ಲೋಡಲ್ಲೂ ಬಾಡಿ ಎತ್ತರದಲ್ಲೇ ನಿಲ್ಲುತ್ತೆ. ವಾಲ್ವು ಗಾಡಿ ಖಾಲಿ ಅಂದ್ಕೊಂಡು ಹಿಂದಕ್ಕೆ ಬ್ರೇಕು ಕಮ್ಮಿ ಬಿಡ್ತಿದೆ, ಎಲ್ಲಾ ಭಾರ ಮುಂದಿನ ಡಿಸ್ಕಿಗೆ. ಪ್ಲೇಟು ತೆಗೆಸಿ, ವಾಲ್ವಿನ ಕಡ್ಡಿ ಕಂಪನಿ ಅಳತೆಗೆ ಸೆಟ್ ಮಾಡಿಸಿ. ಪ್ಲೇಟುಗಳನ್ನ ಆಕ್ಸಲ್ಲಿಗೆ ಹಿಡಿದಿರೋ ಯು ಬೋಲ್ಟು ಬಿಚ್ಚಿ ಹಾಕಿದ ಮೇಲೆ 500 ಕಿಲೋಮೀಟರಿಗೆ ಮತ್ತೊಂದು ಸಲ ಟೈಟ್ ಮಾಡಿಸಲೇಬೇಕು, ಸಡಿಲ ಇದ್ರೆ ಮಧ್ಯದ ಬೋಲ್ಟು ಕಟ್ಟಾಗಿ ಆಕ್ಸಲ್ಲೇ ಹಿಂದಕ್ಕೆ ಜರುಗುತ್ತೆ. 100 ಬಾಕ್ಸು. ಅದು ಮಾಲೂರಿನವರ ಲೆಕ್ಕ ಅಲ್ಲ, ಆರ್‌ಸೀಲಿರೋ ಲೆಕ್ಕ.

ಬಾಗೇಪಲ್ಲಿ: ಪಿಕಪ್ ತಗೋಬೇಕು ಅಂತ ಇದೀನಿ. ಎಲೆಕ್ಟ್ರಿಕ್ ಒಳ್ಳೇದಾ ಡೀಸೆಲ್ ಒಳ್ಳೇದಾ?

ಚಿಂತಾಮಣಿ ಕಡಲೆಕಾಯಿ: ರೇಡಿಯೇಟರಿಗೆ ಮನೆ ಬೋರ್ ನೀರು ಹಾಕ್ತೀವಿ, ಪರವಾಗಿಲ್ವಾ?

ಮೇಸ್ತ್ರಿ: ಹಾಕಬೇಡಿ. ಮನೇಲಿ ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಚಕ್ಕೆ ಕಟ್ಟುತ್ತಲ್ಲ, ಅದೇ ರೇಡಿಯೇಟರ್ ಕೊಳವೇಲೂ ಕಟ್ಟುತ್ತೆ. ಎಂಜಿನ್ನಿಗೆ ವಾಪಸ್ ಹೋಗೋ ಹೊಗೆ ತಣಿಸೋ ಇಜಿಆರ್ ಕೂಲರಿನ ಸಣ್ಣ ದಾರಿ ಮೊದಲು ಮುಚ್ಚುತ್ತೆ. ಪೂರ್ತಿ ಇಳಿಸಿ, ರೆಡಿಮಿಕ್ಸ್ ಕೂಲಂಟು ಹಾಕಿ. ಸಾಂದ್ರ ಡಬ್ಬ ತಂದ್ರೆ ಬ್ಯಾಟರಿ ನೀರು ಸಮಸಮ.

ಬಂಗಾರಪೇಟೆ ತರಕಾರಿ: ಮೇಸ್ತ್ರಿ, ಲೈಟು ಹೋಯ್ತು. ಮುಳಬಾಗಿಲು ಮುಟ್ಟೋಕೆ ಮೊದಲೇ. ಥ್ಯಾಂಕ್ಸ್.

ಚೇಳೂರು: ಡಿಪಿಎಫ್ ಲೈಟು ಹಳದಿ ಬಂದಿದೆ, ಏನು ಮಾಡ್ಬೇಕು?

ಮೇಸ್ತ್ರಿ: ಮೊದಲನೇ ಉತ್ತರ ಓದಿ.

ಶ್ರೀನಿವಾಸಪುರ ಹಾಲಿನ ಗಾಡಿ: ಫೋಟೋ ಹಾಕಿದೀನಿ. ಮೇಲಿನ ಗೆರೆಯಿಂದ ಒಂದೂವರೆ ಬೆರಳು ಮೇಲೆ. ವಾಸನೆ ಬಂಕ್ ತರಾನೇ ಇದೆ. ಪೇಪರಲ್ಲಿ ಬಳೆ ಅಗಲಕ್ಕೆ ಬಂದಿದೆ. ಸಂಜೆ ಹಾಲು ಒಂದು ಟ್ರಿಪ್ ಮುಗಿಸಿ ನಾಳೆ ತೋರಿಸ್ಲಾ?

ಮೇಸ್ತ್ರಿ: ಬೇಡ. ಬೇರೆ ಗಾಡಿಗೆ ಹೇಳಿ. ಹತ್ತಿರದ ಗ್ಯಾರೇಜಿನವರನ್ನ ಮನೆಗೇ ಕರೆಸಿ, ಆಯಿಲು ಇಳಿಸಿ, ಎಷ್ಟು ಲೀಟರ್ ಬಂತು ಅಳೀರಿ. ಫಿಲ್ಟರೂ ಹೊಸದು. ಬುಕ್ಕಲ್ಲಿ ಹೇಳಿರೋ ಕಮ್ಮಿ ಬೂದಿಯ ಆಯಿಲೇ ಹಾಕಿ. ಮಸಿ ಸುಡುತ್ತೆ, ಆಯಿಲಿನ ಬೂದಿ ಸುಡಲ್ಲ, ಜಾಲರೀಲೇ ಉಳಿಯುತ್ತೆ. ಆಮೇಲೆ ಸ್ಕ್ಯಾನರ್ ಹಾಕಿಸಿ ಮೂರು ಅಂಕಿ ಬರ್ಕೊಂಡು ಬನ್ನಿ: ಮಸಿ ಶೇಕಡ ಎಷ್ಟು, ಕೊನೇ ರೀಜನ್ ಆಗಿ ಎಷ್ಟು ಕಿಲೋಮೀಟರು, ಓಡ್ತಿರುವಾಗ ಕೂಲಂಟ್ ಬಿಸಿ ಎಷ್ಟು. ರೂಟೊಂದೇ ಕಾರಣವಾ ಅಂತ ನನಗೆ ಅನುಮಾನ. ಹಾಲಿನ ಗಾಡಿಗಳು ಬೇರೆಯೂ ಇವೆ, ಎಲ್ಲಕ್ಕೂ ಹೀಗಾಗಲ್ಲ.

ಗೌರಿಬಿದನೂರು ಮೆಕ್ಕೆಜೋಳ: ಇಷ್ಟೆಲ್ಲ ಯಾಕೆ. ಡಿಪಿಎಫ್ ಕಿತ್ತು ಪೈಪ್ ವೆಲ್ಡ್ ಮಾಡಿಸಿ, ಸಾಫ್ಟ್‌ವೇರ್ ಬದಲಿಸಿದ್ರೆ ಮುಗೀತು. ಮೈಲೇಜೂ ಬರುತ್ತೆ.

ಚಿಂತಾಮಣಿ ಕಡಲೆಕಾಯಿ: ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟಿಗೆ) ಹೋದಾಗ ಏನ್ ಮಾಡ್ತೀರಿ? ಹೊಸ ಗಾಡಿಗೆ ಎರಡು ವರ್ಷಕ್ಕೊಂದು ಸಲ ಎಫ್‌ಸಿ.

ಗೌರಿಬಿದನೂರು ಮೆಕ್ಕೆಜೋಳ: ಅದಕ್ಕೆಲ್ಲ ದಾರಿ ಇದೆ.

ಚಿಂತಾಮಣಿ ಕಡಲೆಕಾಯಿ: ಆ ದಾರಿ ಹೊಗೆ ಹಿಂದೆ ಸ್ಕೂಟರಲ್ಲಿ ಬರೋರು ಕುಡೀಬೇಕು ಅಲ್ವಾ?

ಗೌರಿಬಿದನೂರು ಮೆಕ್ಕೆಜೋಳ: ನೀನೇನು ಪರಿಸರ ಇಲಾಖೆನಾ? ಡಿಪಿಎಫ್ ರೇಟು ಗೊತ್ತಾ ನಿಂಗೆ?

ಮೇಸ್ತ್ರಿ: ನಾನು ಆ ಕೆಲಸ ಮಾಡಲ್ಲ, ಮಾಡಿಸಿ ಅಂತಲೂ ಹೇಳಲ್ಲ. ಮೋಟಾರು ವಾಹನ ಕಾಯ್ದೆ ಕಲಂ 52ರ ಪ್ರಕಾರ ಗಾಡಿ ಮಾರ್ಪಾಡು ತಪ್ಪು, ವಾರಂಟಿಯೂ ಹೋಗುತ್ತೆ. ಶ್ರೀನಿವಾಸಪುರದವರ ಗಾಡೀಲಿ ಆಯಿಲ್ ತೊಟ್ಟಿಗೆ ಡೀಸೆಲು ಬರ್ತಿರೋದು ಡೀಸೆಲ್ ಇಂಜೆಕ್ಟರ್ ಸೋರಿಕೆಯಿಂದ ಆಗಿದ್ರೆ? ಪೈಪ್ ವೆಲ್ಡ್ ಮಾಡಿದ್ರೂ ಸೋರ್ತಾನೇ ಇರುತ್ತೆ.

ಶಿಡ್ಲಘಟ್ಟ ಗೂಡು: ಡೀಸೆಲಿಗೆ ಅರ್ಧ ಲೀಟರ್ ಪೆಟ್ರೋಲ್ ಬೆರೆಸಿದ್ರೆ ಡಿಪಿಎಫ್ ಕ್ಲೀನಾಗುತ್ತೆ ಅಂತ ಇನ್ನೊಂದು ಗ್ರೂಪಲ್ಲಿ ಬಂದಿದೆ, ನಿಜಾನಾ?

ಮೇಸ್ತ್ರಿ: ಸುಳ್ಳು. ಹೈ ಪ್ರೆಷರ್ ಪಂಪಿಗೆ ಡೀಸೆಲೇ ಎಣ್ಣೆ. ಪೆಟ್ರೋಲ್ ಬೆರೆತ್ರೆ ಒಳಗೆ ಲೋಹ ಉಜ್ಜಿ ಪುಡಿಯಾಗಿ ನಾಲ್ಕೂ ಇಂಜೆಕ್ಟರಿಗೆ ಹೋಗುತ್ತೆ. ಆ ಗ್ರೂಪಲ್ಲೇ ಹೋಗಿ ರಿಪೇರಿ ದುಡ್ಡು ಕೇಳಿ.

ಬಾಗೇಪಲ್ಲಿ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ.

ಮೇಸ್ತ್ರಿ: ಎಲ್ಲರಿಗೂ ಒಂದು ಮಾತು, ಯಾರೂ ಕೇಳಿಲ್ಲ ಆದ್ರೂ. ಸುಗ್ಗಿ ಬಂತಂದ್ರೆ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರ್ತಾರೆ. ರೀಜನ್ ನಡೀತಿರುವಾಗ ಅದರ ಮೇಲೆ ಹತ್ತಿಸಬೇಡಿ. ಹುರುಳಿ ಬಳ್ಳಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರಿಗೆ ತಾಗಿದ್ರೆ ಬೆಂಕಿ ಹತ್ತುತ್ತೆ. ಫ್ಯಾನ್ ಜೋರಾಗಿ ತಿರುಗೋದು, ಐಡಲ್ ಸ್ವಲ್ಪ ಏರೋದು, ಸುಟ್ಟ ವಾಸನೆ, ಇವು ರೀಜನ್ ಗುರುತು. ಹುಲ್ಲಿನ ಮೆದೆ ಪಕ್ಕ ಗಾಡಿ ನಿಲ್ಲಿಸೋರೂ ಕೇಳಿಸ್ಕೊಳ್ಳಿ. ದಾಟಲೇಬೇಕಾಗಿ ಬಂದ್ರೆ ಆಚೆ ನಿಲ್ಲಿಸಿ ಬಗ್ಗಿ ನೋಡಿ, ಸುತ್ತಿರೋದನ್ನ ಎಳೆದು ಹಾಕಿ.

ಮುಳಬಾಗಿಲು ಟೊಮೆಟೊ: ಪ್ಲೇಟು ತೆಗೆಸಲ್ಲ, ವಾಲ್ವ್ ಕಡ್ಡಿ ಮಾತ್ರ ಸೆಟ್ ಮಾಡಿಸ್ತೀನಿ. ಆಗುತ್ತಲ್ಲ?

ಮಾಲೂರು ಇಟ್ಟಿಗೆ: ಆಗುತ್ತೆ, ಆಂಬುಲೆನ್ಸ್ ನಂಬರೂ ಸೇವ್ ಮಾಡ್ಕೋ.

ಮುಳಬಾಗಿಲು ಟೊಮೆಟೊ: ನಿನ್ನ ಕೇಳಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡ್ರಪ್ಪ.

ಶ್ರೀನಿವಾಸಪುರ ಹಾಲಿನ ಗಾಡಿ: ಮೇಸ್ತ್ರಿ, ಇಳಿಸಿದ್ದು ಅಳೆದ್ವಿ. ಬುಕ್ಕಲ್ಲಿ ಹೇಳಿರೋದಕ್ಕಿಂತ 1.4 ಲೀಟರ್ ಜಾಸ್ತಿ ಬಂತು. ಹೊಸದು ಹಾಕಿ ಸ್ಕ್ಯಾನ್ ಆಯ್ತು. ಮಸಿ 92, ಕೊನೇ ರೀಜನ್ ಆಗಿ 1,130 ಕಿಲೋಮೀಟರು, ಅರ್ಧ ಗಂಟೆ ಓಡಿಸಿದ ಮೇಲೂ ಕೂಲಂಟು 61 ಡಿಗ್ರಿ.

ಮೇಸ್ತ್ರಿ: ಆ 61 ನೋಡಿ. ಅರ್ಧ ಗಂಟೆ ಓಡಿದ ಎಂಜಿನ್ನು 80 ದಾಟಿರಬೇಕು. ಕೂಲಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವು, ಥರ್ಮೋಸ್ಟಾಟ್, ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ. ಶುರುವಾದ ರೀಜನ್ನು ತಣ್ಣಗಿರೋ ಎಂಜಿನ್ನಲ್ಲಿ ಪೂರ್ತಿ ಆಗದೆ ನಿಂತುಹೋಗುತ್ತೆ. ಮೇಲೆ ನಿಮ್ಮ ಸ್ಟಾಪುಗಳು. ತಣ್ಣಗಿದ್ದಷ್ಟೂ ಗೋಡೆಗೆ ಅಂಟೋ ಡೀಸೆಲೂ ಜಾಸ್ತಿ. ಮೀಟರಿನ ಬಿಸಿ ಮುಳ್ಳು ಅರ್ಧಕ್ಕಿಂತ ಕೆಳಗೇ ಇರ್ತಿತ್ತಾ?

ಶ್ರೀನಿವಾಸಪುರ ಹಾಲಿನ ಗಾಡಿ: ಹೌದಣ್ಣ, ತಣ್ಣಗಿದೆ ಒಳ್ಳೇದೇ ಅಂದ್ಕೊಂಡಿದ್ವಿ.

ಮೇಸ್ತ್ರಿ: ಥರ್ಮೋಸ್ಟಾಟ್ ಬದಲಿಸಿ, ಕಂಪನಿದೇ ಇರಲಿ. ಅದನ್ನ ಕಿತ್ತು ಹಾಗೇ ಬಿಟ್ರೆ ಗಾಡಿ ತಂಪಾಗಿರುತ್ತೆ ಅನ್ನೋರು ಸಿಗ್ತಾರೆ, ಕೇಳಬೇಡಿ. ಡಿಪಿಎಫ್‌ಗೆ ಹೋಗೋ ಎರಡು ಸಣ್ಣ ರಬ್ಬರ್ ಪೈಪು ಬಿರುಕು ಬಿಟ್ಟಿದೆಯಾ, ಇಲಿ ಕಡಿದಿದೆಯಾ ನೋಡಿಸಿ. ಕೂಲಂಟು 80 ದಾಟೋದು ಖಾತ್ರಿಯಾದ ಮೇಲೆ ಸ್ಕ್ಯಾನರಲ್ಲಿ ನಿಂತಲ್ಲೇ ರೀಜನ್ ಮಾಡಿಸಿ, ಷೆಡ್ಡಿಂದ ಹೊರಗೆ, ಹುಲ್ಲು ಇಲ್ಲದ ಕಡೆ. 92ಕ್ಕೆ ಕೆಲವು ಗಾಡಿ ಒಪ್ಪಲ್ಲ. ಒಪ್ಪದಿದ್ರೆ ಬಿಚ್ಚಿ ಮಷಿನ್ನಲ್ಲಿ ಕ್ಲೀನ್ ಮಾಡಿಸಬೇಕು, ಪ್ರೆಷರ್ ವಾಷರಲ್ಲಿ ಅಲ್ಲ. ರೀಜನ್ ಮುಗಿದ ಮೇಲೆ ಈಗ ಹಾಕಿದ ಆಯಿಲನ್ನ ಸಾವಿರ ಕಿಲೋಮೀಟರಿಗೆ ಮತ್ತೆ ಬದಲಿಸಿ. ದುಡ್ಡು ಹೋಯ್ತು ಅನ್ನಿಸುತ್ತೆ, ಟರ್ಬೊಗಿಂತ ಕಮ್ಮಿ.

ಗೌರಿಬಿದನೂರು ಮೆಕ್ಕೆಜೋಳ: ಅದೇ ದುಡ್ಡಲ್ಲಿ ಡಿಪಿಎಫ್ ತೆಗೆಸಿ...

ಮೇಸ್ತ್ರಿ: ನಿಮಗೆ ಹೇಳಿಯಾಯ್ತು.

ಚೇಳೂರು: ಯೂರಿಯಾ ಗೊಬ್ಬರ ಕರಗಿಸಿ ಹಾಕಬಹುದಾ?

ಬಂಗಾರಪೇಟೆ ತರಕಾರಿ: ಮೇಲೆ ಓದ್ರಿ ಸ್ವಾಮಿ, ಅವರಿಗೂ ಕೆಲಸ ಇದೆ.

ಶ್ರೀನಿವಾಸಪುರ ಹಾಲಿನ ಗಾಡಿ: ಥರ್ಮೋಸ್ಟಾಟ್ ನಾಳೆ ಬರುತ್ತಂತೆ. ಅಲ್ಲೀವರೆಗೂ ಗಾಡಿ ತೆಗೆಯಲ್ಲ. ಹಾಲಿಗೆ ಭಾವನ ಗಾಡಿ ಹೇಳಿದೀನಿ.

ಮೇಸ್ತ್ರಿ: ಒಳ್ಳೇದು. ಹಾಕಿದ ಮೇಲೆ ಹದಿನೈದು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮೊದಲು ಕಡ್ಡಿ ನೋಡಿ, ಗೋಡೆ ಮೇಲೆ ದಿನಾಂಕ ಬರೆದು ಗೆರೆ ಹಾಕಿ. ಮತ್ತೆ ಏರಿದ್ರೆ ಇಂಜೆಕ್ಟರ್ ಸೋರ್ತಿದೆಯಾ ಅಂತ ರಿಟರ್ನ್ ಟೆಸ್ಟು, ಗಾಡಿ ನನ್ನ ಹತ್ತಿರಕ್ಕೇ ಟೋ ಮಾಡಿಸ್ಕೊಂಡು ಬನ್ನಿ, ಓಡಿಸ್ಕೊಂಡಲ್ಲ.