14 ಬಾಗಿಲು, 43 ಹಿಂಜಸ್: ಕಚ್ಚು ಬೇಗ ಹೊಡೆಯಲು ಯಾವ ಟೂಲ್ ತಗೊಳ್ಳೋದು?

ಗಾಳಿಬೀಡು_ಸೈಟ್:
ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರ ಗಾಳಿಬೀಡಿನಲ್ಲಿ ಒಂದು ಹೋಮ್‌ಸ್ಟೇಗೆ 14 ಬಾಗಿಲು ಕೂರಿಸಬೇಕು. ಚೌಕಟ್ಟು ಎಲ್ಲ ನಿಂತಾಗಿದೆ, ಪ್ಲಾಸ್ಟರಿಂಗೂ ಮುಗಿದಿದೆ. ಮುಂಬಾಗಿಲು ತೇಗದ್ದು, ಮೂರೂವರೆ ಅಡಿ ಅಗಲ, 7 ಅಡಿ ಎತ್ತರ, 40 ಮಿ.ಮೀ. ದಪ್ಪ. ರೂಮಿನ 8 ಬಾಗಿಲು 32 ಮಿ.ಮೀ. ಫ್ಲಶ್ ಡೋರ್. ಬಾತ್‌ರೂಮಿನ 5 ಬಾಗಿಲು ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ್ದು). ರಿಬೇಟ್ (ಬಾಗಿಲು ಕೂರಲು ಚೌಕಟ್ಟಿನಲ್ಲಿ ತೆಗೆದ ಮೆಟ್ಟಿಲು) ಆಳ 12 ಮಿ.ಮೀ.; ಅಗಲ ಮುಂಬಾಗಿಲು ಬಿಟ್ಟು ಉಳಿದೆಲ್ಲಕ್ಕೂ 35. ಹಿಂಜಸ್ ಎಸ್‌ಎಸ್ 304, 4 ಇಂಚಿನವು 39, ಮುಂಬಾಗಿಲಿಗೆ 5 ಇಂಚಿನವು 4.

ಚೌಕಟ್ಟಿಗೂ ಬಾಗಿಲಿಗೂ ಸೇರಿ 86 ಕಚ್ಚು (ಹಿಂಜಸ್ ಪಟ್ಟಿ ಕೂರಲು ತೆಗೆಯುವ ತಗ್ಗು). ಎಲ್ಲ ಉಳಿಯಲ್ಲೇ ಹೊಡೆದರೆ ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು) ಹಿಡಿಯುವ ಮುಂಚೆ ಮುಗಿಯೋದು ಕಷ್ಟ. ಕೆಲಸಕ್ಕೆ ಇಬ್ಬರು. ಡ್ರಿಲ್, ಎಲೆಕ್ಟ್ರಿಕ್ ಪ್ಲೇನರ್, ಉಳಿ ಸೆಟ್ ಇದೆ. ಹೊಸ ಟೂಲಿಗೆ 15,000 ರೂಪಾಯಿ ಇಟ್ಟಿದ್ದೇವೆ. ಟ್ರಿಮ್ಮರ್ (ಮರ ಕೊರೆಯುವ ಸಣ್ಣ ರೂಟರ್ ಮೆಷಿನ್) ಸಾಕಾ, ದೊಡ್ಡ ರೂಟರ್ ಬೇಕಾ? ರೆಡಿಮೇಡ್ ಹಿಂಜ್ ಜಿಗ್ (ಕಚ್ಚಿನ ಅಳತೆಗೆ ಮೆಷಿನ್ ಓಡಿಸುವ ಅಚ್ಚು) ತಗೊಳ್ಳೋದು ಒಳ್ಳೆಯದಾ, ಪ್ಲೈವುಡ್‌ನಲ್ಲಿ ಮಾಡಿಕೊಳ್ಳೋದಾ? ಕರೆಂಟ್ ಆಗಾಗ ಹೋಗುತ್ತೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಉಳಿ_ಕೊಡತಿ, ವಿರಾಜಪೇಟೆ:
ಟ್ರಿಮ್ಮರ್ ಸಾಕು ಅಣ್ಣ. ನಿಂತಿರುವ ಚೌಕಟ್ಟಿಗೆ ದೊಡ್ಡ ರೂಟರ್ ತಗೊಳ್ಳಲೇಬೇಡಿ. ಮೂರೂವರೆ, ನಾಲ್ಕು ಕೆ.ಜಿ. ಮೆಷಿನ್ನನ್ನು ಅಡ್ಡ ಹಿಡಿದು, ಕೆಳಗಿನ ಹಿಂಜಸ್ಸಿಗೆ ನೆಲದ ಮಟ್ಟಕ್ಕೆ ಬಗ್ಗಿ ಓಡಿಸುವಾಗ ಬೇಸ್ ಅಲ್ಲಾಡುತ್ತೆ, ಕಚ್ಚು ಒಂದು ಕಡೆ ಆಳ ಆಗುತ್ತೆ. 500ರಿಂದ 700 ವ್ಯಾಟ್‌ನ ಟ್ರಿಮ್ಮರ್ ಒಂದೇ ಕೈಗೆ ಸಿಗುತ್ತೆ, 3 ಮಿ.ಮೀ. ಆಳಕ್ಕೆ ಅದರ ಶಕ್ತಿ ಧಾರಾಳ. ಕರೆಂಟಿನ ತೊಂದರೆ ಇರುವುದರಿಂದ, ನಿಮ್ಮ ಡ್ರಿಲ್ 18 ವೋಲ್ಟ್ ಬ್ಯಾಟರಿಯದ್ದಾಗಿದ್ದರೆ ಅದೇ ಕಂಪನಿಯ ಬ್ಯಾಟರಿ ಟ್ರಿಮ್ಮರ್ ಬಾಡಿ ಮಾತ್ರ ತಗೊಳ್ಳಿ. ಅದೇ ಬ್ಯಾಟರಿ ಎರಡಕ್ಕೂ ಆಗುತ್ತೆ.

ತಗೊಳ್ಳುವಾಗ ಕಾಲೆಟ್ (ಬಿಟ್, ಅಂದರೆ ಕಡಿಯುವ ಅಲಗನ್ನು ಹಿಡಿಯುವ ಬಾಯಿ) ನೋಡಿ. ಕೆಲವದಕ್ಕೆ 6 ಮಿ.ಮೀ., ಕೆಲವದಕ್ಕೆ ಕಾಲು ಇಂಚು, ಅಂದರೆ 6.35. ಕಾಲು ಇಂಚಿನ ಕಾಲೆಟ್ಟಿಗೆ 6 ಮಿ.ಮೀ. ಬಿಟ್ ಹಾಕಿ ಎಷ್ಟೇ ಬಿಗಿದರೂ ಕೆಲಸದ ನಡುವೆ ಜಾರಿ ಕೆಳಗಿಳಿಯುತ್ತೆ. ಮೊದಲ ಕಚ್ಚು 3 ಮಿ.ಮೀ. ಇದ್ದದ್ದು ಐದನೆಯದಕ್ಕೆ 4 ಆಗಿರುತ್ತೆ, ಬಾಗಿಲು ಹಾಕಿ ನೋಡುವವರೆಗೆ ಗೊತ್ತೇ ಆಗಲ್ಲ. ಬಿಟ್ಟನ್ನು ಕನಿಷ್ಠ 20 ಮಿ.ಮೀ. ಒಳಗೆ ಹಾಕಿ, ತಳ ಮುಟ್ಟಿದ ಮೇಲೆ 2 ಮಿ.ಮೀ. ಮೇಲೆಳೆದು ಬಿಗಿಯಿರಿ. ಕಾರ್ಬೈಡ್ ಬಿಟ್ಟೇ ಆಗಬೇಕು. ಫ್ಲಶ್ ಡೋರಿನ ಗೋಂದು ಮಾಮೂಲಿ ಹೈಸ್ಪೀಡ್ ಸ್ಟೀಲ್ ಬಿಟ್ಟನ್ನು ಬೇಗ ಮೊಂಡು ಮಾಡುತ್ತೆ.

ರೆಡಿಮೇಡ್ ಜಿಗ್ ಬೇಡ. ಹೊರದೇಶದ ಜಿಗ್ಗುಗಳು ಹೆಚ್ಚಾಗಿ ಗುಂಡು ಮೂಲೆಯ ಹಿಂಜಸ್ಸಿಗೂ ರಿಬೇಟ್ ಇಲ್ಲದ ಚೌಕಟ್ಟಿಗೂ ಮಾಡಿದವು. ನಮ್ಮ ರಿಬೇಟ್ ಚೌಕಟ್ಟಿನಲ್ಲಿ ಅವು ಸರಿಯಾಗಿ ಕೂರಲ್ಲ. 12 ಮಿ.ಮೀ. ಪ್ಲೈವುಡ್‌ನಲ್ಲಿ ಟೆಂಪ್ಲೇಟ್ (ನಡುವೆ ತೆರಪು ಕೊರೆದ ಅಚ್ಚು) ನೀವೇ ಮಾಡಿ. 12 ಅಂತ ಹೇಳಿದ್ದಕ್ಕೆ ಕಾರಣ ಇದೆ: ನಿಮ್ಮ ರಿಬೇಟ್ ಆಳವೂ 12. ಟೆಂಪ್ಲೇಟನ್ನು ರಿಬೇಟಿನೊಳಗೆ ಇಟ್ಟರೆ ಅದರ ಮೇಲ್ಮೈಯೂ ಪಕ್ಕದ ದಂಡೆಯೂ (ಬಾಗಿಲು ತಾಗಿ ನಿಲ್ಲುವ ಎತ್ತರದ ಭಾಗ) ಒಂದೇ ಮಟ್ಟಕ್ಕೆ ಬರುತ್ತೆ, ಟ್ರಿಮ್ಮರ್ ಬೇಸ್ ಎರಡರ ಮೇಲೂ ಅಗಲವಾಗಿ ಕೂರುತ್ತೆ. 18ರ ಪ್ಲೈ ಹಾಕಿದರೆ ಬೇಸ್ ಸಣ್ಣ ತುಂಡಿನ ಮೇಲೆ ಮಾತ್ರ ನಿಂತು ವಾಲುತ್ತೆ.

ಅಳತೆ ಹೀಗೆ. ಬೇಸಿಗೆ 10 ಮಿ.ಮೀ. ಹೊರವ್ಯಾಸದ ಗೈಡ್ ಬುಶ್ (ಬಿಟ್ಟಿನ ಸುತ್ತ ನಿಂತು ಟೆಂಪ್ಲೇಟಿನ ಅಂಚಿಗೆ ತಾಗಿ ಸಾಗುವ ಬಳೆ), 6 ಮಿ.ಮೀ. ನೇರ ಬಿಟ್. ವ್ಯತ್ಯಾಸ 4, ಅದರ ಅರ್ಧ 2. ಅಂದರೆ ಟೆಂಪ್ಲೇಟಿನ ಅಂಚಿನಿಂದ 2 ಮಿ.ಮೀ. ಒಳಗೆ ಬಿಟ್ ಕಡಿಯುತ್ತೆ. ಹಿಂಜಸ್ ಉದ್ದ ಸರಿಯಾಗಿ 100 ಇದ್ದರೆ ತೆರಪು 104. ಕೆಲವು 4 ಇಂಚಿನವು 101.6 ಇರುತ್ತವೆ, ಆಗ 105.6. ಡಬ್ಬಿ ಮೇಲಿನ ಅಳತೆ ನಂಬಬೇಡಿ, ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಕ್ಯಾಲಿಪರ್) ಹಿಡಿಯಿರಿ. 32ರ ಬಾಗಿಲಿಗೆ ಹಿಂಜಸ್ ಪಟ್ಟಿ 27 ಮಿ.ಮೀ. ಒಳಗೆ ಕೂರಲಿ, ಹಿಂದೆ 5 ಮಿ.ಮೀ. ಮರ ಉಳಿಯಲಿ. ಹಾಗಾದರೆ ಬಾಗಿಲಿನ ಟೆಂಪ್ಲೇಟಿನಲ್ಲಿ ತೆರಪಿನ ಅಗಲ, ಬಾಗಿಲಿನ ಮುಖದಿಂದ ಹಿಂಬದಿ ಗೋಡೆವರೆಗೆ, 29.

ಹಿಂಜಸ್ ಗಂಟು (ಪಿನ್ ಇರುವ ಭಾಗ) ಬರುವ ಕಡೆ, ಟೆಂಪ್ಲೇಟ್ ಅಡಿಗೆ ಒಂದು ಪಟ್ಟಿಯನ್ನು ಬೇಲಿಯ ಹಾಗೆ ಸ್ಕ್ರೂ ಮಾಡಿ. ಬಾಗಿಲಿನ ಮುಖಕ್ಕೆ ಅದು ಒತ್ತಿ ನಿಂತರೆ ಅಗಲದ ಅಳತೆ ಪ್ರತಿ ಸಲ ತಾನೇ ಬರುತ್ತೆ. ಮೊದಲ ಸಲ ಓಡಿಸುವಾಗ ಬಿಟ್ ಆ ಬೇಲಿಯನ್ನೂ 3 ಮಿ.ಮೀ. ಕಡಿಯುತ್ತೆ, ಕಡಿಯಲಿ. ಅದು ಹಿಂದೆ ಆಸರೆ ಕೊಡುವುದರಿಂದ ಬಾಗಿಲಿನ ಅಂಚಿನ ವೆನಿಯರ್ ಸಿಬಿರು ಏಳಲ್ಲ.

ಚೌಕಟ್ಟಿಗೆ ಇನ್ನೊಂದು ಟೆಂಪ್ಲೇಟ್. ಇದಕ್ಕೆ ಹಿಂಬದಿ ಗೋಡೆ ಬೇಡ, ರಿಬೇಟಿನ ದಂಡೆಯೇ ಗೋಡೆ. ರಿಬೇಟ್ ಅಗಲ 35, ಕಚ್ಚು 27, ಅಂದರೆ ದಂಡೆಯಿಂದ 8 ಮಿ.ಮೀ. ಬಿಡಬೇಕು. ಬುಶ್ ತಾನೇ 2 ಬಿಡುತ್ತೆ. ಉಳಿದ 6ಕ್ಕೆ ದಂಡೆಗೆ ತಾಗಿಸಿ ಒಂದು 6 ಮಿ.ಮೀ. ಪ್ಲೈ ಪಟ್ಟಿ ಇಡಿ, ಮುಗಿಯಿತು. ಬಾಗಿಲು 32, ರಿಬೇಟ್ 35 ಇರುವುದರಿಂದ ಹಿಂದೆ 3 ಮಿ.ಮೀ. ಸಡಿಲ ಸಿಗುತ್ತೆ. ಅದು ಬೇಕೇ ಬೇಕು. ಪೇಂಟ್ ಆದ ಮೇಲೆ ಬಾಗಿಲಿನ ಬೆನ್ನು ದಂಡೆಗೆ ಒತ್ತಿಕೊಂಡರೆ ಎಷ್ಟು ತಳ್ಳಿದರೂ ಬಾಗಿಲು ಮುಚ್ಚಲ್ಲ.

ಗಾಳಿಬೀಡು_ಸೈಟ್:
ತುಂಬಾ ಉಪಕಾರ ಅಣ್ಣ. ಅಂಗಡಿಯಲ್ಲಿ ಗೈಡ್ ಬುಶ್ ಇಲ್ಲವಂತೆ, ಮೇಲೆ ಬೇರಿಂಗ್ ಇರುವ ಅರ್ಧ ಇಂಚಿನ ಬಿಟ್ ಇದೆ ಅಂದರು. ಕಡಿಯುವ ಭಾಗ 25 ಮಿ.ಮೀ. ಉದ್ದ. ಅದು ಆಗುತ್ತಾ?

ಉಳಿ_ಕೊಡತಿ, ವಿರಾಜಪೇಟೆ:
ಆಗಲ್ಲ. ಲೆಕ್ಕ ಹಾಕಿ ನೋಡಿ: ಬಿಟ್ ಮರದೊಳಗೆ 3 ಮಿ.ಮೀ. ಇಳಿದರೆ ಉಳಿದ 22 ಮಿ.ಮೀ. ಮೇಲಿರುತ್ತೆ. ಟೆಂಪ್ಲೇಟ್ ದಪ್ಪ 12. ಬೇರಿಂಗು ಟೆಂಪ್ಲೇಟಿಗಿಂತ 10 ಮಿ.ಮೀ. ಮೇಲೆ ಗಾಳಿಯಲ್ಲಿ ತಿರುಗುತ್ತೆ, ಬಿಟ್ ನೇರವಾಗಿ ಟೆಂಪ್ಲೇಟನ್ನೇ ತಿನ್ನುತ್ತೆ. ಬೇರಿಂಗ್ ಬಿಟ್ಟೇ ಬೇಕಾದರೆ ಕಡಿಯುವ ಭಾಗ 10 ಮಿ.ಮೀ. ಮೀರದ ಗಿಡ್ಡ ಬಿಟ್ ಹುಡುಕಿ. ಆಗ ತೆರಪು ಹಿಂಜಸ್ ಅಳತೆಯಷ್ಟೇ ಇಡಬೇಕು, 2 ಮಿ.ಮೀ. ಲೆಕ್ಕ ಇಲ್ಲ. ಆದರೆ ಅರ್ಧ ಇಂಚಿನ ಬಿಟ್ ಮೂಲೆಯಲ್ಲಿ 6 ಮಿ.ಮೀ. ದುಂಡು ಬಿಡುತ್ತೆ, 6ರ ಬಿಟ್ ಬರೀ 3 ಬಿಡುತ್ತೆ. ಒಂದು ಕಚ್ಚಿಗೆ 2 ಮೂಲೆಯಂತೆ 172 ಮೂಲೆ ಉಳಿಯಲ್ಲಿ ಚೌಕ ಮಾಡಬೇಕು ನೀವು. ಬುಶ್ಶಿಗೆ ಎರಡು ದಿನ ಕಾದರೂ ನಷ್ಟ ಇಲ್ಲ.

ಟ್ರಿಮ್ಮರ್ ಓಡಿಸುವ ದಿಕ್ಕು: ತೆರಪಿನ ಒಳಗೆ ಗಡಿಯಾರದ ಮುಳ್ಳಿನ ಹಾಗೆ. ಅದಕ್ಕೂ ಮೊದಲು ತೆರೆದ ಅಂಚಿನ ಉದ್ದಕ್ಕೂ ಬಲದಿಂದ ಎಡಕ್ಕೆ, 1 ಮಿ.ಮೀ. ಮೀರದಂತೆ ಒಂದು ತೆಳು ಗೀರು ಎಳೆಯಿರಿ. ನಾರು ಕತ್ತರಿಸಿ ಹೋಗಿರುವುದರಿಂದ ಆಮೇಲೆ ಅಂಚು ಕೀಳಲ್ಲ. ಈ ಒಂದು ಎಳೆತಕ್ಕೆ ಮೆಷಿನ್ ಕೈಯಿಂದ ಓಡಲು ನೋಡುತ್ತೆ, ಎರಡೂ ಕೈಯಲ್ಲಿ ಹಿಡಿಯಿರಿ. ಕನ್ನಡಕ ಹಾಕಿ, ಬಿಟ್ ಬದಲಿಸುವಾಗ ಪ್ಲಗ್ ಅಥವಾ ಬ್ಯಾಟರಿ ಕಿತ್ತಿಡಿ.

ಮಟ್ಟಗೋಲು, ಕುಶಾಲನಗರ:
ಮೇಲೆ ಹೇಳಿದ್ದು ಸರಿ. ಆಳದ ವಿಚಾರ ನಾನು ಸೇರಿಸುತ್ತೇನೆ. ಪಟ್ಟಿ 3 ಮಿ.ಮೀ. ದಪ್ಪ ಇದೆ ಅಂತ ಕಚ್ಚೂ 3 ಹಾಕುವುದು ತಪ್ಪು. ಹಿಂಜಸ್ಸನ್ನು ಎರಡೂ ಪಟ್ಟಿ ಸಮಾನಾಂತರ ಬರುವ ಹಾಗೆ ಮುಚ್ಚಿ, ಒಟ್ಟು ದಪ್ಪ ಅಳೆಯಿರಿ. ಅದರಿಂದ ಬಾಗಿಲಿಗೂ ಚೌಕಟ್ಟಿಗೂ ನಡುವೆ ನಿಮಗೆ ಬೇಕಾದ ಸಂದಿ ಕಳೆಯಿರಿ, ಉಳಿದದ್ದರಲ್ಲಿ ಅರ್ಧ ಬಾಗಿಲಿಗೆ, ಅರ್ಧ ಚೌಕಟ್ಟಿಗೆ. ಒಟ್ಟು 8.5 ಬಂತು, ಸಂದಿ 3 ಬೇಕು ಅಂದರೆ ಉಳಿದದ್ದು 5.5, ಒಂದೊಂದು ಕಡೆ 2.75. ಒಟ್ಟು 7 ಬಂದರೆ ಎರಡೂ ಕಡೆ 2 ಮಾತ್ರ. ಅಲ್ಲಿ 3 ಹಾಕಿದರೆ ಸಂದಿ 1 ಮಿ.ಮೀ. ಉಳಿಯುತ್ತೆ, ಮೊದಲ ಮಳೆಗೇ ಬಾಗಿಲು ಹಿಡಿಯುತ್ತೆ. ಮೊದಲು ವೇಸ್ಟ್ ತುಂಡಿನ ಮೇಲೆ ಒಂದು ಕಚ್ಚು ಹೊಡೆದು ವರ್ನಿಯರ್‌ನ ಕಡ್ಡಿಯಲ್ಲಿ ಆಳ ನೋಡಿ, ಆಮೇಲೆ ಬಾಗಿಲಿಗೆ ಹೋಗಿ.

ನಿಜವಾಗಿ ಸಮಯ ಉಳಿಸುವುದು ಒಂದು ಅಳತೆ ಪಟ್ಟಿ. ಬಾಗಿಲಷ್ಟು ಉದ್ದದ, 50 ಮಿ.ಮೀ. ಅಗಲದ ಪ್ಲೈ ತುಂಡಿನ ಮೇಲೆ ಮೂರೂ ಹಿಂಜಸ್ಸಿನ ಜಾಗ ಗೀರಿ. ಮೇಲಿನದರ ಮೇಲಂಚು ಬಾಗಿಲಿನ ತಲೆಯಿಂದ 150, ಕೆಳಗಿನದರ ಕೆಳಂಚು ಬುಡದಿಂದ 200, ನಡುವಿನದು ಎರಡರ ಮಧ್ಯೆ. ಬಾಗಿಲಿಗೆ ಪಟ್ಟಿಯನ್ನು ತಲೆಗೆ ಸಮ ಹಿಡಿಯಿರಿ. ಚೌಕಟ್ಟಿಗೆ ಹಿಡಿಯುವಾಗ ಮೇಲಿನ ಅಡ್ಡಪಟ್ಟಿಗೂ ಅಳತೆ ಪಟ್ಟಿಗೂ ನಡುವೆ 3 ಮಿ.ಮೀ. ತುಂಡು ಇಡಿ, ಅದೇ ಬಾಗಿಲ ಮೇಲಿನ ಸಂದಿ. ಯಾವಾಗಲೂ ಮೇಲಿನಿಂದಲೇ ಅಳೆಯಿರಿ. ಟೈಲ್ಸ್ ಮಟ್ಟ ರೂಮಿಂದ ರೂಮಿಗೆ ಬೇರೆ ಇರುತ್ತೆ, ಕೆಳಗಿನಿಂದ ಅಳೆದರೆ ಎಲ್ಲ ತಪ್ಪುತ್ತೆ.

ಬೆಣೆ_ಬೀಗ, ಗೋಣಿಕೊಪ್ಪ:
ಕಚ್ಚಿಗಿಂತ ಸ್ಕ್ರೂಗೇ ಹೆಚ್ಚು ಹೊತ್ತು ಹೋಗುತ್ತೆ, ಯಾರೂ ಅದರ ಬಗ್ಗೆ ಹೇಳಿಲ್ಲ. 4 ಇಂಚಿನ ಒಂದು ಹಿಂಜಸ್ಸಿಗೆ 8 ತೂತು ಅಂದರೂ 39ಕ್ಕೆ 312 ಸ್ಕ್ರೂ. 15,000ದಲ್ಲಿ ಮೊದಲು ಸೆಲ್ಫ್ ಸೆಂಟರಿಂಗ್ ಡ್ರಿಲ್ ಬಿಟ್ ತಗೊಳ್ಳಿ. ಅದರ ತುದಿಯ ಕೋನ್ ಹಿಂಜಸ್ ತೂತಿನ ಇಳಿಜಾರಿಗೆ ಕೂರುತ್ತೆ, ಒಳಗಿನ ಡ್ರಿಲ್ ಸರಿಯಾಗಿ ನಡುವಿಗೆ ಇಳಿಯುತ್ತೆ. ಕಣ್ಣಂದಾಜಿನಲ್ಲಿ ತೂತು ಹಾಕಿ 1 ಮಿ.ಮೀ. ಪಕ್ಕಕ್ಕೆ ಹೋದರೆ ಸ್ಕ್ರೂ ತಲೆ ಓರೆ ಕೂತು ಪಟ್ಟಿಗಿಂತ ಮೇಲೆ ನಿಲ್ಲುತ್ತೆ. ಎದುರಿನ ಸ್ಕ್ರೂ ತಲೆಗೆ ಅದು ಬಡಿದು ಬಾಗಿಲು ಪೂರ್ತಿ ಮುಚ್ಚಲ್ಲ. ಎಷ್ಟೋ ಕಡೆ ಕಚ್ಚು ಕೆಟ್ಟಿತು ಅಂತ ಬಾಗಿಲು ಇಳಿಸುತ್ತಾರೆ, ತಪ್ಪು ಇರೋದು ಸ್ಕ್ರೂ ತಲೆಯಲ್ಲಿ.

8 ನಂಬರ್ ಸ್ಕ್ರೂಗೆ ಫ್ಲಶ್ ಡೋರಿನಲ್ಲಿ 2.5 ಮಿ.ಮೀ. ತೂತು, ತೇಗ, ಮತ್ತಿಯಂಥ ಗಟ್ಟಿ ಮರದ ಚೌಕಟ್ಟಿಗೆ 3. ಎಸ್‌ಎಸ್ ಸ್ಕ್ರೂ ಮಾಮೂಲಿ ಸ್ಟೀಲ್ ಸ್ಕ್ರೂಗಿಂತ ಮೆದು, ಮತ್ತಿಯಲ್ಲಿ ಕುತ್ತಿಗೆ ಮುರಿದರೆ ತೆಗೆಯೋದು ದೊಡ್ಡ ಕೆಲಸ. ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದನ್ನು ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಎಸ್‌ಎಸ್ ಹಾಕಿ. ಸ್ಕ್ರೂಗೆ ಜೇನುಮೇಣ ಸವರಿ, ನಮ್ಮಲ್ಲಿ ಅದಕ್ಕೇನು ಬರ. ಸೋಪು ಬೇಡ, ತೇವ ಎಳೆಯುತ್ತೆ. ಇಂಪ್ಯಾಕ್ಟ್ ಡ್ರೈವರ್ ಹಿಂಜಸ್ಸಿಗೆ ಬೇಡವೇ ಬೇಡ. ಡ್ರಿಲ್ಲಿನ ಕ್ಲಚ್ಚನ್ನು ಸಣ್ಣ ನಂಬರಿನಲ್ಲಿಟ್ಟು ಓಡಿಸಿ, ಕೊನೆಯ ಅರ್ಧ ಸುತ್ತು ಕೈಯಲ್ಲಿ ಬಿಗಿಯಿರಿ.

ಡಬ್ಲ್ಯೂಪಿಸಿ ಬಾಗಿಲಿಗೆ ಟ್ರಿಮ್ಮರ್ ಒಂದೇ ಜಾಗದಲ್ಲಿ ನಿಲ್ಲಿಸಬೇಡಿ, ಕರಗಿ ಬಿಟ್ಟಿಗೆ ಅಂಟುತ್ತೆ. ಎರಡು ಸಲ, ಅರ್ಧರ್ಧ ಆಳ ತೆಗೆಯಿರಿ.

ಏಲಕ್ಕಿ_ಮನೆ, ಸೋಮವಾರಪೇಟೆ:
ಬಾತ್‌ರೂಮ್ ಬಾಗಿಲು 5ಕ್ಕೆ ಕಚ್ಚು ಬೇಡದ ಫ್ಲಶ್ ಹಿಂಜಸ್ ಹಾಕಿದರೆ ಇನ್ನೂ ಬೇಗ ಆಗಲ್ವಾ? ಒಂದು ಪಟ್ಟಿ ಇನ್ನೊಂದರ ಒಳಗೆ ಕೂರುತ್ತಲ್ಲ, ಅದು.

ಮಟ್ಟಗೋಲು, ಕುಶಾಲನಗರ:
ಅದು ಕಪಾಟಿಗೆ ಸರಿ ಸರ್, ಮನೆ ಬಾಗಿಲಿಗಲ್ಲ. ಪಟ್ಟಿ ತೆಳು, ಮಧ್ಯೆ ಕತ್ತರಿಸಿರುವುದರಿಂದ ಇನ್ನೂ ದುರ್ಬಲ. ಕಚ್ಚು ಇಲ್ಲದಿದ್ದರೆ ಬಾಗಿಲಿನ ಭಾರವೆಲ್ಲ ಸ್ಕ್ರೂ ಮೇಲೇ ಬೀಳುತ್ತೆ. ಕಚ್ಚಿನಲ್ಲಿ ಬಿಗಿಯಾಗಿ ಕೂತ ಪಟ್ಟಿಗೆ ಕೆಳಗಿನ ಅಂಚಿನ ಮರವೇ ಭಾರ ಹೊರುತ್ತೆ. ಅದಕ್ಕೇ ಕಚ್ಚು ಉದ್ದಕ್ಕೆ ಸಡಿಲ ಇರಬಾರದು ಅನ್ನೋದು.

ಮುಂಬಾಗಿಲ ಬಗ್ಗೆ ಯಾರೂ ಹೇಳಿಲ್ಲ. 1050 x 2100 x 40 ಮಿ.ಮೀ. ತೇಗ, ಘನಮೀಟರಿಗೆ 650 ಕೆ.ಜಿ. ಹಿಡಿದರೆ ಗಟ್ಟಿ ಹಲಗೆಯ ಬಾಗಿಲು 57 ಕೆ.ಜಿ. ಹತ್ತಿರ. 4 ಹಿಂಜಸ್ಸನ್ನು ಸಮ ದೂರಕ್ಕೆ ಹಾಕಬೇಡಿ, ಎರಡನೆಯದನ್ನು ಮೊದಲನೆಯದರಿಂದ 250 ಮಿ.ಮೀ. ಕೆಳಗೇ ಹಾಕಿ. ಎಳೆತ ಹೆಚ್ಚು ಬೀಳುವುದು ಮೇಲೆ. ಇದು ನಾಲ್ಕೇ ಹಿಂಜಸ್, 8 ಕಚ್ಚು. ಇದಕ್ಕಾಗಿ ಬೇರೆ ಟೆಂಪ್ಲೇಟ್ ಮಾಡುವ ಹೊತ್ತಿಗೆ ಹರಿತವಾದ ಉಳಿಯಲ್ಲೇ ಮುಗಿಯುತ್ತೆ.

ಸಂದಿ ಎಷ್ಟು ಅನ್ನೋದು ಬಾಗಿಲು ಹೇಗೆ ಕಟ್ಟಿದ್ದಾರೆ ಅನ್ನುವುದರ ಮೇಲಿದೆ. ತೇಗದಲ್ಲಿ ತೇವ 1% ಏರಿದರೆ ಹಲಗೆ ಅಗಲಕ್ಕೆ ಹೆಚ್ಚೆಂದರೆ 0.2% ಹತ್ತಿರ ಹಿಗ್ಗುತ್ತೆ. ಬೇಸಿಗೆಯಿಂದ ಮಳೆಗಾಲಕ್ಕೆ 5% ಏರಿತು ಅಂತಿಟ್ಟುಕೊಳ್ಳಿ. ಪ್ಯಾನೆಲ್ ಬಾಗಿಲಾದರೆ ಒಳಗಿನ ಹಲಗೆ ಗಾಡಿಯೊಳಗೆ (ಪಟ್ಟಿಯ ತೋಡಿನೊಳಗೆ) ಆಡುತ್ತೆ, ಲೆಕ್ಕಕ್ಕೆ ಬರೋದು ಎರಡು ಪಕ್ಕದ ನಿಲುವುಪಟ್ಟಿ ಮಾತ್ರ. 115ರ ಎರಡು ಪಟ್ಟಿ, 230 ಮಿ.ಮೀ., ಹಿಗ್ಗೋದು 2 ಮಿ.ಮೀ. ಸುಮಾರು. ಬೀಗದ ಕಡೆ 4 ಬಿಟ್ಟರೆ ನಿಶ್ಚಿಂತೆ. ಹಲಗೆಗೆ ಹಲಗೆ ಅಂಟಿಸಿದ ಗಟ್ಟಿ ಬಾಗಿಲಾದರೆ ಪೂರ್ತಿ 1050 ಹಿಗ್ಗುತ್ತೆ, 10 ಮಿ.ಮೀ. ಹತ್ತಿರ. ಯಾವ ಹಿಂಜಸ್ಸೂ ಅದನ್ನು ಸರಿ ಮಾಡಲ್ಲ. ತಲೆ, ಬುಡ, ನಾಲ್ಕೂ ಅಂಚಿಗೆ ಪಾಲಿಶ್ ಬಿದ್ದ ಮೇಲೆಯೇ ಕೂರಿಸಿ. ಬುಡಕ್ಕೆ ಪಾಲಿಶ್ ಮರೆಯುವುದೇ ಹೆಚ್ಚು, ನೀರು ಕುಡಿಯುವುದೂ ಅಲ್ಲಿಂದಲೇ.

ಗಾಳಿಬೀಡು_ಸೈಟ್:
ನಮ್ಮದು ಪ್ಯಾನೆಲ್ ಬಾಗಿಲು, ಪುಣ್ಯ. ಬುಶ್ಶಿಗೆ ಹೇಳಿಟ್ಟೆ. ಕೊನೆಯದಾಗಿ ಒಂದು: ಕಚ್ಚು ಎಲ್ಲಾದರೂ ಆಳ ಆಗಿಬಿಟ್ಟರೆ ಏನು ಮಾಡೋದು?

ಉಳಿ_ಕೊಡತಿ, ವಿರಾಜಪೇಟೆ:
ಆಳ ಆದರೆ ಬಾಗಿಲು ಕೊನೆಯ ಒಂದು ಇಂಚಿನಲ್ಲಿ ಸ್ಪ್ರಿಂಗ್ ಹಾಗೆ ವಾಪಸ್ ಬರುತ್ತೆ. ಬಾಗಿಲು ಪೂರ್ತಿ ಇಳಿಸಬೇಕಿಲ್ಲ. ಬುಡಕ್ಕೆ ಬೆಣೆ ಕೊಟ್ಟು, ಒಂದು ಹಿಂಜಸ್ಸಿನ ಚೌಕಟ್ಟಿನ ಕಡೆಯ ಸ್ಕ್ರೂ ಮಾತ್ರ ಬಿಚ್ಚಿ, ಪಟ್ಟಿ ಅಡಿಗೆ ಮೈಕಾ (ಪ್ಲೈ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆ) ತುಂಡು ಇಡಿ. ಒಂದು ತುಂಡು 0.8ರಿಂದ 1 ಮಿ.ಮೀ. ಇರುತ್ತೆ. ರಟ್ಟು ಇಡಬೇಡಿ, ಮಳೆಗಾಲದಲ್ಲಿ ಮೆತ್ತಗಾಗಿ ಅಮುಕಿಕೊಳ್ಳುತ್ತೆ. ಹಳೆ ಸ್ಕ್ರೂ ತೂತು ಸಡಿಲ ಆಗಿದ್ದರೆ ತೇಗದ ಕಡ್ಡಿ ಚೂಪು ಮಾಡಿ ಗೋಂದು ಹಚ್ಚಿ ಬಡಿದು, ಒಣಗಿದ ಮೇಲೆ ಹೊಸದಾಗಿ ತೂತು ಹಾಕಿ.

ಬೀಗದ ಕಡೆ ಮೇಲಿನ ಮೂಲೆ ಉಜ್ಜುತ್ತಿದ್ದರೆ ಬಾಗಿಲು ಆ ಕಡೆ ತಗ್ಗಿದೆ ಅಂತ ಅರ್ಥ, ಮೈಕಾ ಹಾಕಬೇಕಾದ್ದು ಕೆಳಗಿನ ಹಿಂಜಸ್ಸಿಗೆ. ಪ್ಲೇನರ್ ಹಿಡಿಯುವ ಮುಂಚೆ ಇದನ್ನು ಮಾಡಿ ನೋಡಿ.