ಪ್ರಶ್ನೋತ್ತರ: ಹೆಚ್ಚುಕಡಿಮೆ ಒಂದೇ ಥರದ ಎರಡು ಗುಲಾಬಿಗೆಂಪುಗಳಲ್ಲಿ ಯಾವುದು?

ಪ್ರಶ್ನೆ: ನಮಸ್ಕಾರ. ಮಲಗುವ ಕೋಣೆಗೆ ಎರಡು ಗುಲಾಬಿಗೆಂಪು ಬಣ್ಣಗಳನ್ನು ಆರಿಸಿಟ್ಟುಕೊಂಡಿದ್ದೇನೆ. ಶೇಡ್ ಕಾರ್ಡಿನಲ್ಲಿ ಅವು ಅಕ್ಕಪಕ್ಕದ ಚೌಕಗಳು. ಹಗಲಿನಲ್ಲಿ ಎರಡೂ ಒಂದೇ ಎನಿಸುತ್ತವೆ. ರಾತ್ರಿ ದೀಪ ಹಾಕಿದರೆ ಮೊದಲನೆಯದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕಿಟಕಿ ಪಶ್ಚಿಮಕ್ಕಿದೆ, ಬಲ್ಬು 2700 ಕೆಲ್ವಿನ್‌ನದು, ಅಂದರೆ ಹಳದಿ ಬೆಳಕಿನದು. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ (ಪೇಂಟಿಂಗ್ ಗುತ್ತಿಗೆದಾರ): ನಿಮ್ಮ ಕಣ್ಣು ಸರಿಯಾಗಿಯೇ ಗುರುತಿಸಿದೆ. ಮೊದಲನೆಯದರಲ್ಲಿ ಹಳದಿ ಬೆರೆತಿರಬೇಕು, ಎರಡನೆಯದರಲ್ಲಿ ನೀಲಿಯ ಛಾಯೆ ಇರಬೇಕು. ಎರಡನ್ನೂ ಅಪ್ಪಟ ಬಿಳಿ ಕಾಗದದ ಮೇಲಿಟ್ಟು ನೋಡಿ: ಒಂದು ಹವಳದ ಕಡೆಗೆ, ಇನ್ನೊಂದು ಗುಲಾಬಿ ದಳದ ಕಡೆಗೆ ಸರಿಯುತ್ತದೆ. ಸಂಜೆಯ ಬಿಸಿಲಿನಲ್ಲಿಯೂ ನಿಮ್ಮ ಬಲ್ಬಿನ ಬೆಳಕಿನಲ್ಲಿಯೂ ನೀಲಿ ಕಡಿಮೆ. ಹೀಗಾಗಿ ಹವಳದ ಛಾಯೆ ಮತ್ತಷ್ಟು ಕಿತ್ತಳೆಯಾಗುತ್ತದೆ, ಗುಲಾಬಿ ಛಾಯೆ ಹದಕ್ಕೆ ಬರುತ್ತದೆ. ನಿಮ್ಮ ಕೋಣೆಗೆ ಎರಡನೆಯದೇ ಆಗಬೇಕು ಎಂದು ನನ್ನ ಅಭಿಪ್ರಾಯ. ಆದರೆ ಮುಂದೆ 6500 ಕೆಲ್ವಿನ್‌ನ ಬಿಳಿ ದೀಪ ಹಾಕಿಸುವ ಯೋಚನೆಯಿದ್ದರೆ ಈಗಲೇ ಹೇಳಿ, ಅದರಡಿ ಈ ಬಣ್ಣ ನೇರಳೆಯತ್ತ ಹೋಗಿ ಸಪ್ಪೆಯಾಗುತ್ತದೆ.

ದಯವಿಟ್ಟು ಕಾರ್ಡನ್ನು ಮಾತ್ರ ನಂಬಬೇಡಿ. ನಾಲ್ಕೂ ಗೋಡೆಗಳಿಗೆ ಬಳಿದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಕೆಂಪು ಗಾಢವಾಗುತ್ತದೆ. ಎರಡಡಿಯ ಎರಡು ಹಲಗೆಗಳಿಗೆ ಎರಡೆರಡು ಕೋಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಬೆಳಗ್ಗೆ, ಸಂಜೆ, ರಾತ್ರಿ ಗೋಡೆಗೆ ಒರಗಿಸಿ ನೋಡಿ. ಛಾಯೆಯನ್ನು ಗುರುತಿಸುವಾಗ ಎರಡೂ ಜೊತೆಗಿರಲಿ. ಕೋಣೆಗೆ ಹೊಂದುತ್ತದೆಯೇ ಎಂದು ನೋಡುವಾಗ ಒಂದನ್ನು ಹೊರಗಿಡಿ. ಪಕ್ಕದ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ.

ಪ್ರಶ್ನೆ: ಹಲಗೆಗಳನ್ನು ಇಟ್ಟು ನೋಡಿದೆ, ಎರಡನೆಯದೇ ಗೆದ್ದಿತು. ಇನ್ನೊಂದು ಆತಂಕವಿದೆ. ಹಿಂದಿನ ಮನೆಯಲ್ಲಿ ಕೆಂಪು ಹೊಡೆಸಿದಾಗ ಮೂರು ಕೋಟ್ ಆದರೂ ರೋಲರಿನ ಪಟ್ಟೆಗಳು ಉಳಿದಿದ್ದವು.

ಉತ್ತರ: ಹೊಳಪಿನ ಕೆಂಪು ವರ್ಣದ್ರವ್ಯಗಳಲ್ಲಿ ಹಲವು ಅರೆಪಾರದರ್ಶಕ. ಅವು ಕೆಳಗಿನ ಬಿಳಿಯನ್ನು ಬೇಗ ಮುಚ್ಚುವುದಿಲ್ಲ. ಬಿಳಿ ಪ್ರೈಮರಿನ (ಬಣ್ಣಕ್ಕೂ ಮೊದಲು ಹೊಡೆಯುವ ತಳದ ಕೋಟ್) ಬದಲು ಬೂದು ಛಾಯೆ ಬೆರೆಸಿದ ಪ್ರೈಮರ್ ಹೊಡೆಸಿ. ಎಷ್ಟು ಗಾಢ ಬೂದು ಬೇಕೆಂದು ಬಣ್ಣದ ಅಂಗಡಿಯಲ್ಲಿ ನಿಮ್ಮ ಶೇಡ್ ಸಂಖ್ಯೆ ಕೊಟ್ಟು ಕೇಳಿ. ಡಬ್ಬಗಳು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಲು ಹೇಳಿ. ಗೋಡೆಯ ನಡುವೆ ಡಬ್ಬ ಬದಲಾದರೆ ಕೆಂಪಿನಲ್ಲಿ ಆ ಗೆರೆ ಎದ್ದು ಕಾಣುತ್ತದೆ.